ತೊಳೆದಿಟ್ಟ ಶಂಖ

ನನಗೂ ನನ್ನ ಅತ್ತೆಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ. ವಿಜಯಪುರ ಬಿಟ್ಟು ಕಾಂದಿವಲಿಗೆ ಬಂದು ಒಂದು ಆಯುಷ್ಯವೇ ಕಳೆದರೂ ಅವರ ಅಡುಗೆಮನೆಯ ಹೊಸ್ತಿಲು ಮಾತ್ರ ವಿಜಯಪುರದ್ದೇ. ಸಮುದ್ರದ ಜೀವಿಗಳ ಸಂಶೋಧನೆ ಮಾಡುವ ಸೊಸೆ ಕಾಲೇಜಿನಿಂದ ಬಂದವಳು ತಲೆಗೆ ನೀರು ಹಾಕಿಕೊಂಡೇ ಅದನ್ನು ದಾಟಬೇಕು. ನಾನೂ ಹಟಕ್ಕೆ ಬಿದ್ದು ಒಮ್ಮೊಮ್ಮೆ ಮೀಯದೆ ಹಾಗೇ ದಾಟುತ್ತಿದ್ದೆ.

ನನ್ನ ವಿಷಯ ಕಿರೀಟ ಜೆಲ್ಲಿಫಿಶ್. ಲೋಕದ ಸಾಗರಗಳಲ್ಲೆಲ್ಲ ಇವೆ. ನಾನು ಬಿದ್ದದ್ದು ಅವುಗಳಲ್ಲಿ ತೀರ ಸಣ್ಣದರ ಹಿಂದೆ, ಬೆಳೆದರೂ ಕಿರುಬೆರಳ ಉಗುರಿನಷ್ಟು. ಗಂಟೆಯಂಥ ಮೈಯ ಸುತ್ತ ಆಳವಾದ ಗೆರೆ. ಅದರಿಂದಾಗಿ ಕಿರೀಟ ಇಟ್ಟ ಹಾಗೆ ಕಾಣುತ್ತದೆ. ಈಜುವ ಮೊದಲು ಅದು ಚಿಪ್ಪಿಗೋ ಕಲ್ಲಿಗೋ ಅಂಟಿದ ಕಂದು ಕೊಳವೆಯೊಳಗೆ ಕುಳಿತಿರುತ್ತದೆ. ಮನಸ್ಸು ಬಂದಾಗ ಕೊಳವೆಯಿಂದ ಬಿಲ್ಲೆ ಬಿಲ್ಲೆಯಾಗಿ ಕಳಚಿಕೊಂಡು ಮರಿಗಳು ಹೊರಬೀಳುತ್ತವೆ. ಮೀನುಗಾರರ ಬಲೆಗೆ ಬಂದ ಖಾಲಿ ಶಂಖವೊಂದರ ಮೇಲೆ ಅಂಥ ಕೊಳವೆಗಳು ನನಗೆ ಸಿಕ್ಕಿದ್ದವು. ಮರಿ ಬಿಟ್ಟರೆ ಜಾತಿ ಯಾವುದೆಂದು ಹೇಳಬಹುದು, ನನ್ನ ಪಿಎಚ್.ಡಿ. ಮುಗಿಯುತ್ತದೆ. ಬಿಡದಿದ್ದರೆ ಬೇರೆ ವಿಷಯ ಹಿಡಿಯಬೇಕೆಂದು ಗೈಡ್ ಖಡಾಖಂಡಿತವಾಗಿ ಹೇಳಿದ್ದರು.

ಕೊಳವೆಯೊಳಗೆ ಬಿಲ್ಲೆಗಳು ಮೂಡಿದ್ದು ಸರಿಯಾಗಿ ಗಣಪತಿ ಹಬ್ಬದ ಹೊತ್ತಿಗೆ. ಲ್ಯಾಬಿಗೆ ಬೀಗ. ಸಮುದ್ರದ ನೀರು ತುಂಬಿದ ಗಾಜಿನ ಬರಣಿಯಲ್ಲಿ ಶಂಖವನ್ನಿಟ್ಟು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಎದೆಗವಚಿಕೊಂಡು ಮನೆಗೆ ತಂದೆ. ನಮ್ಮ ಮನೆಯಲ್ಲಿ ತಂಪಾದ ಜಾಗ ಒಂದೇ, ಅಡುಗೆಮನೆಯ ನೀರಿನ ಕೊಡಗಳ ಪಕ್ಕ. ಅಲ್ಲಿಟ್ಟು, ಇದರಲ್ಲಿ ಜೀವವಿದೆ, ಉಪ್ಪುನೀರಿಲ್ಲದೆ ಉಳಿಯುವುದಿಲ್ಲ, ಮುಟ್ಟಬೇಡಿ ಎಂದು ಅತ್ತೆಗೆ ಬಿಡಿಸಿ ಹೇಳಿದೆ. ಅವರು ತಲೆಯೆತ್ತದೆ ಕೊತ್ತಂಬರಿ ಸೋಸುತ್ತಿದ್ದರು. ನನ್ನ ಗಂಡ ಟಿವಿಯ ಸದ್ದು ಜಾಸ್ತಿ ಮಾಡಿದ.

ನಮ್ಮ ಬಿಲ್ಡಿಂಗಿಗೆ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಆಗ ಅತ್ತೆ ನಿನ್ನೆಯ ನೀರನ್ನೆಲ್ಲ ಚೆಲ್ಲಿ, ಕೊಡ ತಿಕ್ಕಿ, ಹೊಸದು ತುಂಬುತ್ತಾರೆ. ತಂಗಳ ನೀರು ಮನೆಯಲ್ಲಿ ಇರಕೂಡದು. ಹನಿ ನೀರಿಗೆ ಬಾಯಿಬಿಡುವ ಸೀಮೆಯಲ್ಲಿ ಬೆಳೆದವರು ತುಂಬಿದ ಕೊಡ ಚೆಲ್ಲುವುದು ನನಗೆ ಎಂದೂ ಅರ್ಥವಾಗಿಲ್ಲ.

ಮರುದಿನ ನಾನು ಏಳುವಷ್ಟರಲ್ಲಿ ಬರಣಿ ಬೋರಲಾಗಿ ಒಣಗುತ್ತಿತ್ತು. ಶಂಖ ದೇವರ ಜಗಲಿಯ ಮೇಲಿತ್ತು. ಬೆಳ್ಳಗೆ ಹೊಳೆಯುತ್ತಿತ್ತು, ನೆತ್ತಿಗೆ ಕುಂಕುಮ. ಒಂದೇ ಒಂದು ಕೊಳವೆ ಉಳಿದಿರಲಿಲ್ಲ.

"ಮುಟ್ಟಬ್ಯಾಡ್ರಿ ಅಂತ ಹೇಳಿರಲಿಲ್ಲೇನ್ರಿ ಅತ್ತಿ?"

"ಹೇಳಿದ್ದಿ. ನನ್ನ ಅಡಗಿಮನ್ಯಾಗ ನಾ ಏನ್ ಮುಟ್ಟಬೇಕು, ಏನ್ ಬಿಡಬೇಕು ಅನ್ನೂದನ್ನ ನೀ ಹೇಳಾಕಿ?"

ಶಂಖಕ್ಕೆ ಹತ್ತಿದ್ದ ಹೊಲಸನ್ನು ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ಕೈ ನೋವು ಬಂತೆಂದು ನನಗೇ ದೂರಿದರು. ಅವ್ವನಿಗೆ ತಿಳಿಯಲಿಲ್ಲ, ಬಿಟ್ಟುಬಿಡು ಅಂದ ಗಂಡ. ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ಹೆಂಗಸನ್ನು ಅವತ್ತು ನಾನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ. ಗಂಡನನ್ನು ಅದಕ್ಕಿಂತ ಒಂದು ಗುಂಜಿ ಮಾತ್ರ ಕಡಿಮೆ.

ಗೈಡ್ ಫೋನಿನಲ್ಲಿ ಬೈಯಲಿಲ್ಲ. ಸಿಗಡಿಯ ಮೇಲೆ ಕೆಲಸ ಶುರುಮಾಡು ಎಂದರು. ಅಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅದೇ ವಾರ ಅತ್ತೆ ಬಿಲ್ಡಿಂಗಿನ ನಮ್ಮ ಕಡೆಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಬಂದವರಲ್ಲಿ ಒಬ್ಬರು ಜಗಲಿಯ ಮೇಲಿನ ಶಂಖ ಎಷ್ಟು ಚೆಂದವಿದೆ ಎಂದರು. ಅತ್ತೆಯ ಮುಖ ಅರಳಿತು. ನನ್ನ ಬಗ್ಗೆ ಅವರು ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು.

"ನಮ್ಮ ಸೊಸಿ ಸಮುದ್ರದಿಂದ ತಂದಾಳ ನೋಡ್ರಿ."

ನನ್ನ ಕೈಯಲ್ಲಿ ಉಡಿ ತುಂಬುವ ತಟ್ಟೆಯಿತ್ತು. ಅದನ್ನು ಕೆಳಗಿಟ್ಟೆ.

"ನಾ ತಂದದ್ದು ಇದಲ್ರಿ ಅತ್ತಿ," ಎಂದೆ, ಎಲ್ಲರೆದುರಿಗೇ. "ನಾ ತಂದದ್ದನ್ನ ನೀವು ಮೋರಿಗೆ ಚೆಲ್ಲೀರಿ."