ಟ್ರ್ಯಾಕ್ಟರ್ ಜಾಡಿಗೆ ಜೀಪು ಅಗಲ ಮಾಡಿದ್ದು

ಕಾಲುವೆಗೆ ನೀರು ಬಂದು ಕೆಳಗಿನ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ, ನಾನು ನಾಟಿ ಹಚ್ಚುವ ಹೆಣ್ಣುಮಕ್ಕಳನ್ನು ಜೀಪಿನಲ್ಲಿ ಕರೆದೊಯ್ಯುವ ಕೆಲಸ ಹಿಡಿದೆ. ನಮ್ಮ ಊರು ಶಹಾಪುರದ ಹತ್ತಿರ, ನೀರು ಹತ್ತದ ದಿಬ್ಬದ ಮೇಲೆ. ಗದ್ದೆಗಳು ವನದುರ್ಗ ದಾಟಿ ಸುರಪುರದ ದಿಕ್ಕಿಗೆ. ಬೆಳಿಗ್ಗೆ ಹನ್ನೆರಡು ಜನರನ್ನು ಬಿಟ್ಟು ಬರಬೇಕು, ಸಂಜೆ ಅವರನ್ನೇ ತಿರುಗಿ ತರಬೇಕು. ಆ ಗುಂಪಿಗೆ ಒಬ್ಬ ಹಿರಿಯಳಿದ್ದಳು. ಯಾರ ಗದ್ದೆಗೆ ಇಳಿಯಬೇಕು, ಯಾರ ಗಾಡಿ ಹತ್ತಬೇಕು ಎಂಬುದು ಅವಳ ಮಾತು. ಅವಳು ನನ್ನ ಗಾಡಿ ಬಿಟ್ಟರೆ ಹನ್ನೆರಡೂ ಜನ ಬಿಟ್ಟಂತೆ. ನನಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ನನ್ನನ್ನು ದಣಿಸಿದ್ದು ಕಾಲುವೆ ದಂಡೆಯ ಮಣ್ಣಿನ ದಾರಿ. ಮಳೆಯಲ್ಲಿ ಅದರ ಮೇಲೆ ಟ್ರ್ಯಾಕ್ಟರ್ ಹೋದರೆ ಎರೆಮಣ್ಣಿನಲ್ಲಿ ಗೇಣಾಳದ ಜಾಡು ಬೀಳುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಆ ಜಾಡು ಕಲ್ಲು. ಜೀಪಿನ ಗಾಲಿಗಳ ಅಂತರ ಟ್ರ್ಯಾಕ್ಟರಿಗಿಂತ ಕಡಿಮೆ. ಒಂದು ಗಾಲಿ ಜಾಡಿಗಿಳಿದರೆ ಇನ್ನೊಂದು ನಡುವಿನ ದಿಬ್ಬ ಹತ್ತುತ್ತದೆ. ಹೀಗೆ ವಾಲಿಕೊಂಡೇ ದಿನಾ ಒಂದು ತಾಸು. ಹಿಂದೆ ಕೂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

"ತಮ್ಮಾ, ನಮ್ಮನ್ನ ನಾಟಿಗಿ ಒಯ್ಯಾಕತ್ತಿಯೋ, ಕೆನಾಲಿಗಿ ಸುರುವಾಕತ್ತಿಯೋ?" ಎನ್ನುತ್ತಿದ್ದಳು ಹಿರಿಯಳು.

"ದಾರಿನೇ ಹಂಗ ಅದ ಅಕ್ಕಾ."

"ಅದನ್ನ ನನ್ನ ಸೊಂಟಕ್ಕ ಹೇಳು, ನನಗ ಹೇಳಬ್ಯಾಡ."

ಆ ದಾರಿಯ ಬೇರೆ ಜೀಪಿನವರು ಒಂದು ಉಪಾಯ ಮಾಡಿದ್ದರು. ಗಾಲಿ ಬಿಚ್ಚಿ, ಗಾಲಿಗೂ ಅದನ್ನು ಬೋಲ್ಟಿನಿಂದ ಹಿಡಿದಿರುವ ಹಬ್ಬಿಗೂ ನಡುವೆ ಕಬ್ಬಿಣದ ದಪ್ಪ ಬಳೆಯೊಂದನ್ನು ಕೂರಿಸುವುದು. ಅದಕ್ಕೆ ಸ್ಪೇಸರ್ ಅನ್ನುತ್ತಾರೆ, ನಾವು ರಿಂಗು ಅನ್ನುತ್ತಿದ್ದೆವು. ರಿಂಗು ಹಾಕಿದರೆ ಗಾಲಿ ಅಷ್ಟು ಹೊರಗೆ ಬರುತ್ತದೆ, ಜೀಪು ಟ್ರ್ಯಾಕ್ಟರಿನಷ್ಟೇ ಅಗಲವಾಗುತ್ತದೆ, ಎರಡೂ ಗಾಲಿ ಜಾಡಿನಲ್ಲೇ ಓಡುತ್ತವೆ.

ನಾನು ಜಾಡಿನ ಅಗಲವನ್ನು ಹಗ್ಗದಿಂದ ಅಳೆದುಕೊಂಡು ಶಹಾಪುರದ ಲೇತ್ ಮಿಸ್ತ್ರಿಯ ಹತ್ತಿರ ಹೋದೆ.

"ಒಂದೊಂದ ಕಡಿ ಎರಡ ಇಂಚು ಬೇಕು," ಎಂದೆ.

ಮಿಸ್ತ್ರಿ ನಕ್ಕ. "ಮಂದಿ ಶೋಕಿಗಿ ರಿಂಗ್ ಕೇಳ್ತಾರ. ನೀ ಟ್ರ್ಯಾಕ್ಟರಿನ ಹೆಜ್ಜಿ ಮ್ಯಾಲ ಹೆಜ್ಜಿ ಇಡಾಕ ಬಂದೀದಿ. ಬೇರಿಂಗ್ ತಿಂತದ ನೋಡು, ಆಮ್ಯಾಲ ನನ್ನ ಮುಂದ ಅಳಬ್ಯಾಡ."

"ಬೇರಿಂಗ್ ಹೋದ್ರ ಬದಲಿ ಮಾಡ್ತೀನ್ರಿ. ಹೆಣ್ಣಮಕ್ಕಳ ಸೊಂಟ ಬದಲಿ ಮಾಡಾಕ ಬರ್ತದೇನ್ರಿ?"

"ಹುಷಾರ್ ಇದ್ದೀ ಬಿಡು," ಎಂದು ಅವನು ರಿಂಗು ಕೊಯ್ಯಲು ಕೂತ.

ಮೊದಲ ದಿನಗಳಲ್ಲಿ ಜೀಪು ಹಳಿಯ ಮೇಲಿನ ರೈಲಿನಂತೆ ನೆಟ್ಟಗೆ ಓಡಿತು. ಹೆಣ್ಣುಮಕ್ಕಳು ಕೂತಲ್ಲೇ ನಿದ್ದೆ ಮಾಡಿದರು. ಹಿರಿಯಳು, "ಇವತ್ತ ಲಗ್ನದ ಗಾಡಿ ತಂದೀ ಏನಪಾ?" ಎಂದಳು. ನನಗೆ ಒಂದು ದೊಡ್ಡ ಕೆಲಸ ಮಾಡಿದಂತೆ ಅನಿಸಿತು.

ಆಮೇಲೆ ಸ್ಟೇರಿಂಗ್ ಕೈ ಒದೆಯತೊಡಗಿತು. ಗಾಲಿಗೆ ಸಣ್ಣ ಕಲ್ಲು ತಾಗಿದರೂ ಚಕ್ರ ಕೈಯಿಂದ ಕಿತ್ತುಕೊಂಡು ತಿರುಗುತ್ತಿತ್ತು. ಸಂಜೆಗೆ ಮಣಿಕಟ್ಟು ಬಾತು ತುತ್ತು ಎತ್ತಲಿಕ್ಕೂ ಬೇಸರ. ಡಾಂಬರಿಗೆ ಹತ್ತಿದರೆ ಮುಂದಿನ ಎಡಗಾಲಿಯಿಂದ ಗುಂಯ್ ಎಂಬ ಸದ್ದು. ಯಾದಗಿರಿಯಿಂದ ಹೊಸ ಬೇರಿಂಗ್ ತಂದು ಹಾಕಿದೆ. ಅದೂ ತಿಂಗಳು ತುಂಬುವುದರೊಳಗೆ ಹೋಯಿತು. ಗಾಲಿ ಹಿಡಿದು ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿತ್ತು. ಮತ್ತೆ ಬೇರಿಂಗ್, ಮತ್ತೆ ಗ್ರೀಸು. ಕೆಲಸವಿಲ್ಲದ ದಿನವೆಲ್ಲ ಜೀಪಿನ ಕೆಳಗೆ ಅಂಗಾತ ಮಲಗುವುದೇ ಆಯಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಹೊರಗೆ ಕಾಣುವ ನಟ್ಟುಗಳನ್ನು ದಿನಾ ಬೆಳಿಗ್ಗೆ ಬಿಗಿ ಮಾಡುತ್ತಿದ್ದೆ. ಆದರೆ ರಿಂಗನ್ನು ಹಬ್ಬಿಗೆ ಹಿಡಿದಿರುವ ನಟ್ಟುಗಳು ಗಾಲಿಯ ಹಿಂದೆ ಅಡಗಿರುತ್ತವೆ. ಅವನ್ನು ನೋಡಬೇಕೆಂದರೆ ಜಾಕ್ ಹಾಕಿ ಗಾಲಿ ಬಿಚ್ಚಬೇಕು. ಎರಡನೇ ಬೇರಿಂಗ್ ಹಾಕಿದ ಮೇಲೆ ನಾನು ಬಿಚ್ಚಲೇ ಇಲ್ಲ. ದಿನಾ ಸಂಜೆ ನಾಳೆ ನೋಡೋಣ ಎಂದು ಕೈ ತೊಳೆದುಕೊಳ್ಳುತ್ತಿದ್ದೆ.

"ಗಾಡಿ ಯಾಕ ಹಂಗ ನರಳ್ತದ?" ಎಂದು ಹಿರಿಯಳು ಒಮ್ಮೆ ಕೇಳಿದಳು.

"ಹಳೀ ಗಾಡಿ ಅಕ್ಕಾ, ಫಿಕರ್ ಮಾಡಬ್ಯಾಡ," ಎಂದೆ.

ಅದಾದ ವಾರದೊಳಗೆ, ಬೆಳಿಗ್ಗೆ ದಂಡೆಯ ಮೇಲೆ ಹೋಗುತ್ತಿದ್ದಾಗ ಎಡಗಡೆ ಪಟ್ ಎಂದಿತು. ಜೀಪಿನ ಮೂತಿ ನೆಲಕ್ಕೆ ಬಡಿಯಿತು. ಗಾಲಿ ರಿಂಗಿನ ಸಮೇತ ಕಳಚಿ, ನಮ್ಮನ್ನು ದಾಟಿ ಉರುಳಿ, ಕಾಲುವೆಗೆ ಬಿತ್ತು. ಜೀಪು ಕೆರೆದುಕೊಂಡು ಹೋಗಿ ನೀರಿಗೆ ಒಂದು ಮಾರು ಇರುವಾಗ ನಿಂತಿತು. ಒಬ್ಬಳ ಮೊಳಕೈ ತರಚಿತ್ತು, ಉಳಿದವರಿಗೆ ಏನೂ ಆಗಿರಲಿಲ್ಲ. ಎಲ್ಲರೂ ಇಳಿದು ನಿಂತರು.

ಹಿರಿಯಳು ಬಗ್ಗಿ ಹಬ್ಬನ್ನು ನೋಡಿದಳು. ಐದು ಬೋಲ್ಟೂ ಮುರಿದಿದ್ದವು. ಮೂರರ ಮುರಿದ ತುದಿ ಹೊಸ ಚಮಚದಂತೆ ಹೊಳೆಯುತ್ತಿತ್ತು. ಎರಡು ಕೆಂಪಗಿದ್ದವು.

"ಇವೆರಡು ತುಕ್ಕ ಹಿಡದಾವ," ಎಂದಳು. "ಇವು ಇವತ್ತ ಮುರದವಲ್ಲ."

ನಾನೂ ಬಗ್ಗಿ ನೋಡಿದೆ.

"ನಿನಗ ಗೊತ್ತಿತ್ತೇನು?"

"ಇಲ್ಲಕ್ಕಾ."

"ಬಿಚ್ಚಿ ನೋಡಿದ್ದೇನು?"

"ನೋಡಿದ್ದಿಲ್ಲ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಂಡೆಗುಂಟ ನಡೆದಳು. ಉಳಿದ ಹನ್ನೊಂದು ಜನ ಅವಳ ಹಿಂದೆ.

ಮಿಸ್ತ್ರಿಯ ಮುಂದೆ ನಾನು ಅಳಲಿಲ್ಲ, ಆದರೆ ಅವನು ಬಿಡಲಿಲ್ಲ. "ತುಂಬಿದ ಕೊಡ ಸೊಂಟದ ಮ್ಯಾಲ ಇಟಗೊಂಡ್ರ ಊರತನಕ ನಡೀಬಹುದು. ಅದ ಕೊಡ ಕೈ ಚಾಚಿ ಹಿಡಿ, ನೋಡೂನು. ಕೊಡ ಅಷ್ಟ, ನೀರ ಅಷ್ಟ. ಭುಜ ಯಾಕ ಕಿತ್ತ ಬರ್ತದ?"

ಹಿಂದಿನ ವರ್ಷವಷ್ಟೇ, ಮಕ್ಕಳ ತಂದೆಯಾದ ಮೇಲೆ, ನಾನು ಹತ್ತನೆಯ ತರಗತಿ ಪಾಸು ಮಾಡಿದ್ದೆ. ವಿಜ್ಞಾನದ ಪುಸ್ತಕದ ಸನ್ನೆಕೋಲಿನ ಪಾಠ ಬಾಯಿಪಾಠವಿತ್ತು: ಭಾರವನ್ನು ಆಧಾರದಿಂದ ದೂರ ಸರಿಸಿದಷ್ಟೂ ಅದರ ಒತ್ತು ಹೆಚ್ಚು. ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನನ್ನ ಜೀಪಿನ ಎಡಗಾಲಿಯ ಮಾತು ಎಂದು ಹೊಳೆದಿರಲಿಲ್ಲ. ಹಬ್ಬಿನೊಳಗಿನ ಎರಡು ಬೇರಿಂಗುಗಳ ಮೇಲೆ ಹಂಚಿಕೊಂಡು ಕೂರಬೇಕಾದ ಭಾರವನ್ನು ನಾನು ಎರಡು ಇಂಚು ಹೊರಗೆ ತೂಗುಹಾಕಿದ್ದೆ. ಬೇರಿಂಗ್, ಗಾಲಿ ತಿರುಗಿಸುವ ಕೀಲು, ಬೋಲ್ಟು, ಎಲ್ಲವೂ ಆ ಚಾಚಿದ ಕೈಯಲ್ಲಿ ಕೊಡ ಹಿಡಿದು ತಿಂಗಳುಗಟ್ಟಲೆ ನಿಂತಿದ್ದವು. ಸ್ಟೇರಿಂಗ್ ಒದ್ದದ್ದೂ ಅದಕ್ಕೇ.

ಕಾಲುವೆಯಿಂದ ಗಾಲಿ ಎತ್ತಿಸಿ, ನಾಲ್ಕೂ ರಿಂಗು ತೆಗೆಸಿ ಹೊಸ ಬೋಲ್ಟು ಹಾಕಿಸಿದೆ. ಮರುದಿನ ಬೆಳಿಗ್ಗೆ ಊರ ಮುಂದೆ ಗಾಡಿ ನಿಲ್ಲಿಸಿದರೆ ಯಾರೂ ಹತ್ತಲಿಲ್ಲ. ಅವರು ಬಸ್ಸಿನಲ್ಲಿ ವನದುರ್ಗದವರೆಗೆ ಹೋಗಿ, ಅಲ್ಲಿಂದ ದಂಡೆಗುಂಟ ನಡೆದರು. ನಾನು ಖಾಲಿ ಗಾಡಿಯಲ್ಲಿ ಹಿಂದೆ ಹೋದೆ. ಹೀಗೆ ಐದು ದಿನ. ಗಾಡಿ ಮತ್ತೆ ಮೊದಲಿನಂತೆ ಒಂದು ಮಗ್ಗುಲಿಗೆ ವಾಲಿ, ಮುಂದೆ ಹೋಗಲಿಕ್ಕೂ ಮನಸ್ಸಿಲ್ಲದೆ, ಹಿಂದೆ ಉಳಿಯಲಿಕ್ಕೂ ಆಗದೆ ತೆವಳುತ್ತಿತ್ತು.

ಆರನೆಯ ದಿನ ಹಿರಿಯಳು ದಂಡೆಯ ಮೇಲೆ ತಿರುಗಿ ನಿಂತಳು.

"ಗಾಲಿ ಬಿಚ್ಚು."

"ಈಗೇನಕ್ಕಾ?"

"ಮತ್ಯಾವಾಗ? ನಾಳಿಗೇನು?"

ಜಾಕ್ ಹಾಕಿ ಬಿಚ್ಚಿದೆ. ಅವಳು ಐದು ಬೋಲ್ಟನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ಆ ಕಡೆಯದನ್ನೂ ಬಿಚ್ಚಿಸಿದಳು, ಹಿಂದಿನ ಎರಡನ್ನೂ. ನಾನು ಬೆವರಿ ಎದ್ದು ನಿಲ್ಲುವ ಹೊತ್ತಿಗೆ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಉಳಿದವರೂ ಹತ್ತಲು ಬಂದರು.

"ಏ, ನೀವ್ ನಡೀರಿ," ಎಂದಳು. "ಇವತ್ತ ನಾ ಒಬ್ಬಾಕಿನೇ."

ಗದ್ದೆ ಮುಟ್ಟಿದೆವು. ಅವಳು ಇಳಿದು ಚಪ್ಪಲಿ ಕಳಚುತ್ತಿದ್ದಾಗ ನಾನೇ ಕೇಳಿದೆ.

"ನಾಳಿ?"

"ನಾಳಿ ಗಾಲಿ ಬಿಚ್ಚಿ ತೋರಸು. ಇಬ್ಬರು ಕೂಡ್ತೀವಿ."