ಅವ್ವ ಕರಡಿ ನೋಡಲು ಹೋದಳು

ನಮ್ಮವ್ವನ ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ. ಕರಡಿ ಮಾಡಿದ ಕೆಲಸ ಅದು. ಶೇಂಗಾ ಹೊಲದಲ್ಲಿ, ನಮ್ಮಕ್ಕ ಇನ್ನೂ ಜೋಲಿಯಲ್ಲಿ ಮಲಗುವ ಕೂಸಾಗಿದ್ದಾಗ.

ಅಂಥ ಅವ್ವ ಮೊನ್ನೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ಟೀ ಕುಡಿಯುತ್ತಾ, "ಮೊಳಕಾಲ್ಮೂರು ಕಡೆ ಕರಡಿ ತೋರಿಸ್ತಾರಂತೆ. ಕರ್ಕೊಂಡ್ ಹೋಗ್ತೀಯಾ?" ಅಂದಳು.

ನಾನು ಕಪ್ ಕೆಳಗಿಟ್ಟೆ. ಅವಳಿಗೆ ಎಪ್ಪತ್ತು ದಾಟಿದೆ, ಬಿಪಿ ಬೇರೆ.

"ಯಾಕವ್ವ ಬೇಕು?"

"ಅವತ್ತು ಅದರ ಮುಖಾನೇ ನೋಡ್ಲಿಲ್ಲ ಕಣಪ್ಪ. ಬರೀ ಕಪ್ಪಗೆ ಮೇಲೆ ಬಿತ್ತು. ಕನಸಲ್ಲಿ ಇನ್ನೂ ಹಂಗೇ ಬೀಳ್ತೈತೆ."

ನಾನು ಕಾರು ತೆಗೆದೆ.

ಅಲ್ಲೊಂದು ದೊಡ್ಡ ಕೆರೆ ಈ ಸಲ ತುಂಬಿ, ನಡುವಿನ ಗುಡ್ಡ ದ್ವೀಪವಾಗಿದೆ. (ತೆಂಗಿನಮರ ನೆನೆಸಿಕೊಳ್ಳಬೇಡಿ. ಬಂಡೆ, ಜಾಲಿ, ಸೀತಾಫಲದ ಗಿಡ, ಅಷ್ಟೇ.) ಹಣ್ಣಿನ ಆಸೆಗೆ ಕರಡಿಗಳು ಈಜಿಕೊಂಡು ಬರುತ್ತವೆ. ತೆಪ್ಪದಲ್ಲಿ ದಾಟಿಸಿ, ನಡೆಸಿಕೊಂಡು ಹೋಗಿ ತೋರಿಸುವ ಗೈಡ್ ಓಬಣ್ಣ. ಅವ್ವನ ಕೈ ನೋಡಿದ.

"ಅವ್ವಾ, ನನ್ನ ಹಿಂದೇನೇ ಬರ್ರಿ. ಸಾಕು ಅನ್ನಿಸಿದ್ರೆ ನನ್ನ ಅಂಗಿ ಜಗ್ರಿ. ವಾಪಸ್ ಹೋಗಾನ."

ದಾರಿಯಲ್ಲಿ ಒಡೆದ ಹುತ್ತವೊಂದನ್ನು ತೋರಿಸಿದ. ಗೆದ್ದಲು ತಿನ್ನಲು ಕರಡಿ ಅಗೆದದ್ದು, ಮಣ್ಣು ಇನ್ನೂ ಹಸಿ. ನನಗೆ ಅಲ್ಲೇ ಸಾಕೆನಿಸಿತು. ಆದರೆ ಅಂಗಿ ಜಗ್ಗುವ ಅಧಿಕಾರ ನನಗೆಲ್ಲಿತ್ತು?

ಕರಡಿಗೆ ನಮ್ಮ ವಾಸನೆ ಸಿಗದ ಹಾಗೆ, ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ಸುತ್ತು ಹಾಕಿಸಿ, ಬಂಡೆಯ ಮರೆಯಲ್ಲಿ ಕೂರಿಸಿದ. ಎದುರಿಗೆ ಆಳದ ಕೊರಕಲು. ಅದರಾಚೆ ಸೀತಾಫಲದ ಗಿಡಗಳು. ಸ್ವಲ್ಪ ಹೊತ್ತಿಗೆ "ಅದಿಗೋ" ಎಂದು ತೆಲುಗಿನಲ್ಲಿ ಪಿಸುಗುಟ್ಟಿ ಬೆರಳು ತೋರಿದ.

ತಾಯಿಕರಡಿ. ಬೆನ್ನ ಮೇಲೆ ಎರಡು ಮರಿ, ಕೂದಲು ಹಿಡಿದು ಕೂತಿದ್ದವು. ಅದು ಮನುಷ್ಯರ ಹಾಗೆ ಕಾಲು ಚಾಚಿ ಕೂತು, ಹಣ್ಣು ಹಿಸುಕಿ ತಿನ್ನತೊಡಗಿತು. ಒಂದು ಮರಿ ಜಾರಿ ಕೆಳಗೆ ಬಿತ್ತು. ತಾಯಿ ತಿನ್ನುವುದನ್ನು ಬಿಟ್ಟು ತಿರುಗಿತು, ಮೂತಿಯಿಂದ ಅದನ್ನು ಹತ್ತಿರಕ್ಕೆ ಎಳೆದುಕೊಂಡಿತು.

ಅವ್ವ ಹೆದರಿದಳೇನೋ ಎಂದು ತಿರುಗಿ ನೋಡಿದೆ. ಅವಳು ಇನ್ನಷ್ಟು ಮುಂದಕ್ಕೆ ಬಾಗಿ ನೋಡುತ್ತಿದ್ದಳು.

ಅರ್ಧ ಗಂಟೆಯ ಮೇಲೆ ಅವು ಪೊದೆಯೊಳಗೆ ಮರೆಯಾದವು. ಅವ್ವ ಮೆಲ್ಲಗೆ ಮಾತಾಡಿದಳು. "ಅವತ್ತು ಸದ್ದು ಕೇಳಿ ನಾನು ನಿಮ್ಮಕ್ಕನ ಜೋಲಿ ಕಡೆ ಓಡಿದೆ. ಅದೂ ಅದರ ಮರಿ ಕಡೆ ಓಡ್ತಿತ್ತೇನೋ. ನಡುವೆ ನಾನು ಸಿಕ್ಕೆ."

"ಇದ್ರೂ ಇರಬಹುದು ಅವ್ವಾ. ಯಾರಿಗ್ ಗೊತ್ತು" ಅಂದ ಓಬಣ್ಣ. ಸುಮ್ಮನೆ ಸಮಾಧಾನ ಹೇಳಲಿಲ್ಲ ನೋಡಿ, ಅದಕ್ಕೇ ಆತ ನನಗೆ ಇಷ್ಟವಾದ.

ದಡದಲ್ಲಿ ಅವ್ವ ಅವನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ವಾಪಸ್ ಬರುವಾಗ ತಳಕಿನಲ್ಲಿ ಕಾರು ನಿಲ್ಲಿಸಲು ಹೇಳಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದಳು. ಎರಡನೇ ಪ್ಲೇಟ್ ತಾನೇ ಕೇಳಿದಳು.

"ನಮ್ಮವ್ವ ಕರಡಿ ಜೊತೆ ಕುಸ್ತಿ ಆಡಿದೋಳು" ಎಂದು ಗೆಳೆಯರ ಮುಂದೆ ಇಷ್ಟು ವರ್ಷ ನಗಿಸಿದವನು ನಾನು. ಅವಳಿಗೆ ಏನಾಗಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ. ಓಬಣ್ಣನ ದಯೆಯಿಂದ ಆ ಬಂಡೆಯ ಮರೆಯಲ್ಲಿ ಕರಡಿಗಿಂತ ಹೆಚ್ಚಾಗಿ ಅವ್ವನ ಮುಖವನ್ನೇ ನೋಡಿದೆ.

ಮನೆಯವರನ್ನು ಹಾಗೆ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ ನಿಮಗೆಷ್ಟು ದಿನವಾಯಿತು?