ಗಿರಿಜಮ್ಮನ ಕಬ್ಬಿಣದ ಫಿಲ್ಟರ್

ಉಡುಪಿ ಕಡೆಯ ಗಿರಿಜಮ್ಮ ಕೋಲ್ಕತ್ತದ ಜಾದವ್‌ಪುರದ ಬಸ್ ನಿಲ್ದಾಣದ ಹತ್ತಿರ ಆರು ಮೇಜಿನ ಹೋಟೆಲು ನಡೆಸುತ್ತಿದ್ದರು. 2004ರಲ್ಲಿ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಚೇರಿಯೊಂದು ದಿನಕ್ಕೆ ಮುನ್ನೂರು ಇಡ್ಲಿ ಕೇಳತೊಡಗಿದ ಮೇಲೆ ಅಡುಗೆಮನೆಯಲ್ಲಿ ಪುರುಸೊತ್ತೇ ಇರಲಿಲ್ಲ. ಬಾರುಯಿಪುರದ ಆಚೆಯ ಹಳ್ಳಿಯಿಂದ ಬೆಳಗಿನ ಲೋಕಲ್ ರೈಲಿನಲ್ಲಿ ಬರುತ್ತಿದ್ದ ಮಿನತಿಯೇ ಅವರ ಬಲಗೈ.

ಒಂದು ದಿನ ಕಾಯಿ ತುರಿಯುತ್ತಿದ್ದ ಮಿನತಿಯ ಅಂಗೈ ಗಿರಿಜಮ್ಮನ ಕಣ್ಣಿಗೆ ಬಿತ್ತು. ಅದರ ತುಂಬ ಸಣ್ಣ ಸಣ್ಣ ಗಂಟು, ತೋಳಿನ ಮೇಲೆ ಕಪ್ಪು ಚುಕ್ಕೆ.

"ಪಾತ್ರೆ ತೊಳೆಯುವ ಸೋಡಾದಿಂದ ಆಗಿದ್ದು, ಬೌದಿ," ಎಂದಳು ಮಿನತಿ. ಗಿರಿಜಮ್ಮನನ್ನು ಅವಳು ಅತ್ತಿಗೆಯೆಂದೇ ಕರೆಯುತ್ತಿದ್ದಳು.

"ಅದೇ ಸೋಡಾದಲ್ಲಿ ನನ್ನ ಕೈಯೂ ಮುಳುಗುತ್ತದಲ್ಲ," ಎಂದು ಗಿರಿಜಮ್ಮ ತಮ್ಮ ಅಂಗೈ ಚಾಚಿದರು. ಅಲ್ಲಿ ಏನೂ ಇರಲಿಲ್ಲ.

ಅವರ ಮಗಳು ಅನ್ವಿತಾ ರಸಾಯನಶಾಸ್ತ್ರ ಓದುತ್ತಿದ್ದಳು. ಇಂಥ ಗಂಟು ಕುಡಿಯುವ ನೀರಿನಿಂದಲೂ ಬರಬಹುದೆಂದು ಅನಿಸಿ, ಮಿನತಿಯ ಮನೆಯ ಕೊಳವೆಬಾವಿ ನೀರನ್ನು ಬಾಟಲಿಯಲ್ಲಿ ತರಿಸಿ ಪರೀಕ್ಷೆ ಮಾಡಿಸಿದಳು. ಆರ್ಸೆನಿಕ್ ಎಂಬ ವಿಷ ಇರಬಹುದಾದ ಮಿತಿಗಿಂತ ಆರು ಪಟ್ಟು ಹೆಚ್ಚಿತ್ತು. ಆ ನೀರನ್ನೇ ಮಿನತಿಯ ಇಬ್ಬರು ಹೆಣ್ಣುಮಕ್ಕಳೂ ಕುಡಿಯುತ್ತಿದ್ದರು.

ಕಬ್ಬಿಣ ತುಕ್ಕು ಹಿಡಿಯುವಾಗ ಆ ವಿಷವನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅನ್ವಿತಾ ಓದಿದ್ದಳು. ಗಿರಿಜಮ್ಮ ಲೇತ್ ಅಂಗಡಿಯಿಂದ ಕಬ್ಬಿಣದ ಚೂರು ತಂದರು. ಎಣ್ಣೆ ಜಿಡ್ಡು ಹೋಗುವವರೆಗೆ ಬಿಸಿನೀರಿನಲ್ಲಿ ತಾವೇ ತಿಕ್ಕಿ ತೊಳೆದು, ತಳದಲ್ಲಿ ತೂತಿದ್ದ ಬಕೆಟ್ಟಿಗೆ ತುಂಬಿದರು. ಅದರ ಕೆಳಗೆ ಇನ್ನೊಂದು ಬಕೆಟ್ಟು ಇಟ್ಟು, ತುಕ್ಕಿನ ಕೆಂಪು ಬಣ್ಣ ತಡೆಯಲೆಂದು, ಮರಳು ಹಾಕಿದರು.

ಅದನ್ನು ಮಿನತಿಯ ಮನೆಯಲ್ಲಿಟ್ಟರು. ಮೊದಲ ಪರೀಕ್ಷೆಯಲ್ಲಿ ನೀರು ಪಾಸಾಯಿತು. ಆದರೆ ತಿಂಗಳೊಳಗೆ ಮಿನತಿ ಸಪ್ಪೆ ಮುಖ ಹಾಕಿಕೊಂಡು ಬಂದಳು. ನೀರು ಇಳಿಯುತ್ತಲೇ ಇರಲಿಲ್ಲ.

ಭಾನುವಾರ ಗಿರಿಜಮ್ಮ ಮಗಳ ಜೊತೆ ರೈಲು ಹತ್ತಿ ಹೋದರು. ಬಕೆಟ್ಟಿಗೆ ಸಟ್ಟುಗ ಹಾಕಿದರೆ ಅಲುಗಲಿಲ್ಲ. ಇಡೀ ಕಬ್ಬಿಣ ಒಂದೇ ಕಲ್ಲಾಗಿತ್ತು.

"ಸುಮ್ಮನೆ ಆಸೆ ಹುಟ್ಟಿಸಿದೆವು, ಅಮ್ಮ. ಬಿಟ್ಟುಬಿಡೋಣ," ಎಂದಳು ಅನ್ವಿತಾ.

ಗಿರಿಜಮ್ಮ ಆ ಗಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದರು. "ತುಕ್ಕು ಹಿಡಿದಾಗ ಇದು ಉಬ್ಬುತ್ತದೆ, ಮಾರಾಯ್ತಿ. ಹಿಟ್ಟು ಹುದುಗು ಬರುವುದಕ್ಕೆ ಪಾತ್ರೆಯಲ್ಲಿ ಜಾಗ ಬಿಡುವುದಿಲ್ಲವಾ? ನಾವು ಇದಕ್ಕೆ ಜಾಗವೇ ಬಿಡಲಿಲ್ಲ."

ಮುಂದಿನ ಸಲ ಒಂದು ಪಾಲು ಕಬ್ಬಿಣಕ್ಕೆ ಮೂರು ಪಾಲು ದಪ್ಪ ಮರಳು ಬೆರೆಸಿದರು. ನೀರು ಸಣ್ಣ ಧಾರೆಯಾಗಿ ಇಳಿಯಿತು. ಎರಡು, ಮೂರು, ಐದು ತಿಂಗಳಾದರೂ ಇಳಿಯುತ್ತಲೇ ಇತ್ತು. ಅನ್ವಿತಾ ತಿಂಗಳಿಗೊಮ್ಮೆ ಪರೀಕ್ಷಿಸಿದಳು. ಪ್ರತಿ ಸಲವೂ ಮಿತಿಯೊಳಗೇ ಇತ್ತು. ವಿಷ ಹಿಡಿದ ಹಳೆಯ ಕಬ್ಬಿಣವನ್ನು ಕೆರೆಗೆ ಎಸೆಯಬಾರದೆಂದು ಗಿರಿಜಮ್ಮ ಅದನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿಸಿದರು.

ಎರಡು ವರ್ಷದಲ್ಲಿ ಆ ಓಣಿಯ ಒಂಬತ್ತು ಮನೆಗೆ ಫಿಲ್ಟರ್ ಬಂತು. ಮಿನತಿಯ ಅಂಗೈಯ ಗಂಟುಗಳು ಮೆತ್ತಗಾದವು, ಚುಕ್ಕೆಗಳು ಪೂರ್ತಿ ಹೋಗಲಿಲ್ಲ. ಮಕ್ಕಳ ಕೈ ಮಾತ್ರ ನಯವಾಗಿಯೇ ಉಳಿಯಿತು.

ಅನ್ವಿತಾಳ ಮೇಷ್ಟ್ರು ಒಮ್ಮೆ ಫಿಲ್ಟರ್ ನೋಡಲು ಮಿನತಿಯ ಮನೆಗೆ ಬಂದು, ವರದಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದರು.

"ಮಿನತಿ ಹೆಸರು ಬರೆಯಿರಿ. ಒಂಬತ್ತು ಮನೆಯ ಬಕೆಟ್ಟುಗಳನ್ನೂ ದಿನಾ ನೋಡಿಕೊಳ್ಳುವವಳು ಅವಳು," ಎಂದು ಹೇಳಿ ಗಿರಿಜಮ್ಮ ಮೇಷ್ಟ್ರಿಗೆ ಆ ಫಿಲ್ಟರಿನ ನೀರಿನಲ್ಲೇ ಕಾಫಿ ಮಾಡಲು ಒಳಗೆ ಹೋದರು.